ಎರಡನೆಯ ಪುಟ

ಜಜ್ಜಿಹೋದ ಕಾರಿನ ಸುತ್ತ ಸರ್ವೇಯರ್ ಸಾಹೇಬರು ಒಂದು ಸುತ್ತು ಹಾಕಿದರೆಂದರೆ ಗ್ಯಾರೇಜಿನವರ ಬಾಯಿ ಒಣಗುತ್ತಿತ್ತು. ವಿಮಾ ಕಂಪನಿಯ ಪರವಾಗಿ ನಷ್ಟ ಅಂದಾಜು ಮಾಡುವುದು ಅವರ ಕೆಲಸ. ಮೊದಲು ಬಾನೆಟ್ಟಿನ ಮೇಲೆ ಬೆರಳಾಡಿಸುವರು, ಆಮೇಲೆ ನೆಲಕ್ಕೆ ಗೋಣಿತಟ್ಟು ಹಾಸಿಕೊಂಡು ಗಾಡಿಯ ಅಡಿಗೆ ತೂರುವರು, ಕೊನೆಗೆ ಹೊರಗೆ ಬಂದು ಮೊಣಕೈ ಒರೆಸಿಕೊಳ್ಳುತ್ತ, "ಈ ಬಾಗಿಲು ಹೋದ ವರ್ಷವೇ ಬಡಿಸಿಕೊಂಡದ್ದು. ಇದನ್ನೂ ಈ ಅಪಘಾತದ ಲೆಕ್ಕಕ್ಕೆ ಸೇರಿಸ್ತೀಯಾ? ನಿನಗೆ ನಾಚಿಕೆ ಇಲ್ಲದಿದ್ರೆ ಬಾಗಿಲಿಗಾದರೂ ಇರಬೇಕಲ್ಲ" ಎನ್ನುವರು. ಅವರ ಅಂದಾಜು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅದೇ ಅವರ ತಲೆಗೇರಿತ್ತು. ಕಾರುಗಳಿಗೆ ಬೆಲೆ ಕಟ್ಟುತ್ತ ಕಟ್ಟುತ್ತ ಮನುಷ್ಯರಿಗೂ ಕಟ್ಟತೊಡಗಿದ್ದರು. ಮನುಷ್ಯರ ವಿಷಯದಲ್ಲಿ ಅಡಿಗೆ ತೂರುವ ಗೋಜು ಇರಲಿಲ್ಲ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಮುಗಿಯಿತು. ಮೇಲಿನ ಮನೆಯ ವಕೀಲ ಬರೀ ಕೋಟು. ಕಚೇರಿಯ ಹೊಸ ಮ್ಯಾನೇಜರ್ ಬರೀ ಹಲ್ಲು. ಹೆಂಡತಿಯ ತಂಗಿಯ ಗಂಡ, ಅಂದರೆ ತಮ್ಮ ಸ್ವಂತ ಷಡ್ಡಕ, ದಿಂಬು.

ದಿಂಬು ಎಂಬುದು ಸಾಹೇಬರೇ ಇಟ್ಟ ಹೆಸರು. ಆತ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು, ಆಪರೇಷನ್ನಿಗೆ ಮೊದಲು ರೋಗಿಗೆ ಮಂಪರು ಕೊಡುವವನು. ದುಂಡನೆಯ ಮೈ, ಮೆತ್ತನೆಯ ದನಿ. ಏನು ಕೇಳಿದರೂ ತಕ್ಷಣ ಉತ್ತರವಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದರೆ ಮೊದಲು ಲೋಟದ ಗಾತ್ರ ನೋಡುವವನು. "ಅವನಿಗೆ ಸೂಜಿ ಯಾಕೆ ಬೇಕು? ಎದುರು ಕೂತು ಮಾತಾಡಿದ್ರೆ ಸಾಕು, ರೋಗಿ ತಾನಾಗೇ ಮಲಗ್ತಾನೆ" ಎಂದು ಸಾಹೇಬರು ಊಟದ ಮೇಜಿನಲ್ಲಿ ಹೇಳಿದರೆ ಹೆಂಡತಿ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ, "ರೀ, ಅವರು ನನ್ನ ತಂಗಿ ಗಂಡ" ಎನ್ನುತ್ತಿದ್ದಳು. "ಗೊತ್ತು. ಅದಕ್ಕೇ ಇಷ್ಟಕ್ಕೇ ಬಿಟ್ಟಿದ್ದೀನಿ."

ಇಂಥ ದಿಂಬು ಒಂದು ದಿನ ಪಿಯಾನೋ ಕಲಿಯಲು ಸೇರಿದ. ಸುದ್ದಿ ಕೇಳಿ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಯಾವುದೋ ಊಟದ ಕೂಟದಲ್ಲಿ ಆತ ಒಂದು ಪುಟ್ಟ ಹಾಡನ್ನು ತಪ್ಪಿಲ್ಲದೆ ಬಾರಿಸಿ, ಅತ್ತೆಯವರು "ನನ್ನ ಚಿಕ್ಕಳಿಯ ಎಷ್ಟು ನಯವಾಗಿ ಬಾರಿಸ್ತಾನೆ" ಎಂದು ಅವನ ತಲೆ ಸವರಿದ್ದನ್ನು ಕಣ್ಣಾರೆ ಕಂಡಮೇಲೆ ನಗು ಇಂಗಿಹೋಯಿತು. ದಿಂಬುವಿನ ಕೈಲಾಗುವುದು ತಮ್ಮ ಕೈಲಾಗದೇ? ಮುಂದಿನ ವಾರವೇ ಅದೇ ಟೀಚರ ಬಳಿ ತಾವೂ ಸೇರಿದರು. ಮಗಳು ಮುಟ್ಟುವುದನ್ನು ಬಿಟ್ಟ ಮೇಲೆ ಬಟ್ಟೆ ಒಣಹಾಕಲು ಬಳಕೆಯಾಗುತ್ತಿದ್ದ ಪಿಯಾನೋ ಮನೆಯಲ್ಲೇ ಇತ್ತು.

ಸಾಹೇಬರ ಕೈ ಚುರುಕು, ಅದನ್ನು ಒಪ್ಪಬೇಕು. ಕೆಲವೇ ವರ್ಷಗಳಲ್ಲಿ ಆರಂಭದ ಪುಸ್ತಕಗಳನ್ನೆಲ್ಲ ದಾಟಿ ಷಡ್ಡಕನ ಹೆಗಲಿಗೆ ಹೆಗಲಾಗಿ ಮಧ್ಯಮ ದರ್ಜೆಗೆ ಬಂದರು. ಶನಿವಾರ ಸಂಜೆ ಇಬ್ಬರ ಪಾಠವೂ ಒಂದರ ಬೆನ್ನಿಗೊಂದು. ಟೀಚರ್ ಒಣಕಲು ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಮಾತು ಕಡಿಮೆ; ತಪ್ಪು ಸ್ವರ ಕೇಳಿದರೆ ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಳ್ಳುವುದಷ್ಟೇ.

ಆ ಶನಿವಾರ ಆಕೆ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಮೇಜಿನ ಮೇಲೆ ಎರಡು ಕೃತಿಗಳ ಪ್ರತಿ ಹರಡಿದರು. "ವರ್ಷದ ಕೂಟಕ್ಕೆ ನೀವಿಬ್ಬರೂ ಒಂದೊಂದು ಬಾರಿಸಬೇಕು. ಎರಡೂ ಒಂದೇ ದರ್ಜೆ. ಯಾವುದು ಯಾರಿಗೆ ಅಂತ ನಾನು ಹೇಳಲ್ಲ. ಪಿಯಾನೋ ಮುಟ್ಟಬೇಡಿ. ಸುಮ್ಮನೆ ಕೂತು ಓದಿ. ಎಷ್ಟು ಕಷ್ಟ ಅಂತ ಬೇಡ, ಎಲ್ಲಿ ಕಷ್ಟ ಅಂತ ಹೇಳಿ."

ಒಂದರ ಹಾಳೆ ಮಸಿ ಚೆಲ್ಲಿದಂತಿತ್ತು. ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆಗಳಂತೆ ಸ್ವರಗಳು ಸಾಲು ಸಾಲಾಗಿ ಹತ್ತಿಳಿಯುತ್ತಿದ್ದವು. ಇನ್ನೊಂದು ಎರಡೇ ಪುಟದ ನಿಧಾನದ ಕೃತಿ. ಅಲ್ಲೊಂದು ಇಲ್ಲೊಂದು ಸ್ವರ, ನಡುವೆ ಬೇಕಾದಷ್ಟು ಬಿಳಿ ಜಾಗ.

ಸಾಹೇಬರು ಬಿಳಿ ಹಾಳೆಯ ಮೊದಲ ಸಾಲಿನ ಮೇಲೆ ಕಣ್ಣಾಡಿಸಿದರು. ಅಷ್ಟೇ. ಎರಡನೆಯ ಸಾಲಿಗೆ ಹೋಗುವ ಅಗತ್ಯವೇ ಕಾಣಲಿಲ್ಲ. ಇದು ಹಲ್ಲುಜ್ಜುತ್ತ ಬಾರಿಸುವಂಥದ್ದು. ನಿಧಾನ, ಗಂಭೀರ, ಕೇಳಿದವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಬೆವರು ಹರಿಸುವ ಮಾತೇ ಇಲ್ಲ. ಆ ಇರುವೆಗೂಡು ದಿಂಬುವಿಗೆ ಹೋಗಲಿ. ಅದರಲ್ಲಿ ಅವನು ಸಿಕ್ಕಿ ಒದ್ದಾಡುವುದನ್ನು ಅತ್ತೆಯವರು ಮುಂದಿನ ಸಾಲಿನಲ್ಲಿ ಕೂತು ನೋಡಲಿ.

"ಟೀಚರ್, ನಾನು ಇದನ್ನ ತಗೋತೀನಿ. ಆ ಕಷ್ಟದ್ದು ನಮ್ಮ ಡಾಕ್ಟರಿಗಿರಲಿ. ಚಿಕ್ಕವನು, ಬೆರಳಲ್ಲಿ ಇನ್ನೂ ಕಸುವಿದೆ."

"ಎಲ್ಲಿ ಕಷ್ಟ ಅಂತ ಹೇಳಲಿಲ್ಲ ನೀವು."

"ಎಲ್ಲೂ ಇಲ್ಲ."

ಟೀಚರ್ ಕೆನ್ನೆ ಹಿಡಿದುಕೊಂಡರು.

ದಿಂಬು ಇನ್ನೂ ಓದುತ್ತಲೇ ಇದ್ದ. ಓದುವ ರೀತಿಯಾದರೂ ಎಂಥದು! ಕೊನೆಯ ಪುಟವನ್ನು ಮೊದಲು ನೋಡಿದ. ಆಮೇಲೆ ಬಲಗೈಯ ಸಾಲನ್ನು ಅಂಗೈಯಿಂದ ಮುಚ್ಚಿ ಎಡಗೈಯದನ್ನಷ್ಟೇ ಓದಿದ. ಮೇಜಿನ ಅಂಚಿನ ಮೇಲೆ ಬೆರಳಿಟ್ಟು ಸದ್ದಿಲ್ಲದೆ ಏನೋ ತಟ್ಟಿ ನೋಡಿದ, ತಲೆಯಾಡಿಸಿದ. ಅದು ಮುಗಿದ ಮೇಲೆ ತನ್ನದಲ್ಲದ ಬಿಳಿ ಹಾಳೆಯನ್ನೂ ಎತ್ತಿಕೊಂಡು ಹಾಗೆಯೇ ಓದಿದ. ಸಾಹೇಬರಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

"ಏನಪ್ಪಾ, ಬಾರಿಸೋಕೆ ಬಂದಿದ್ದೀಯೋ, ಪೇಷಂಟ್ ನೋಡೋಕೆ ಬಂದಿದ್ದೀಯೋ? ನಾಲಿಗೆ ಚಾಚಿಸೋದೊಂದು ಬಾಕಿ."

ದಿಂಬು ನಕ್ಕ. "ಇಲ್ಲ ಭಾವ, ಇದು ನೋಡೋಕೆ ಭಯ ಅಷ್ಟೇ. ಕೈ ಒಂದೇ ಆಕಾರದಲ್ಲಿ ಇರುತ್ತೆ, ಜಾಗ ಮಾತ್ರ ಬದಲಾಗುತ್ತೆ. ಬಂದದ್ದೇ ಮತ್ತೆ ಮತ್ತೆ ಬರುತ್ತೆ. ನಿಜವಾಗಿ ಹೊಸದು ಅಂದ್ರೆ ಈ ಕೊನೇ ಸಾಲು. ಇಲ್ಲಿಂದ ಶುರು ಮಾಡ್ತೀನಿ." ಆಮೇಲೆ ಬಿಳಿ ಹಾಳೆಯ ಕಡೆ ಬೆರಳು ಮಾಡಿ, "ನಿಮ್ಮದರ ಎರಡನೇ ಪುಟ ನೋಡಿದ್ರಾ? ಅಲ್ಲಿ ಎಡಗೈ..."

"ನನ್ನ ಎಡಗೈ ನನಗಿರಲಿ ಮಾರಾಯ. ನೀನು ನಿನ್ನ ಇರುವೆ ಎಣಿಸು."

ಅಲ್ಲಿಗೆ ಆ ಮಾತು ಮುಗಿಯಿತು.

ಕೂಟಕ್ಕೆ ಬೇಕಾದಷ್ಟು ದಿನವಿತ್ತು. ಸಾಹೇಬರು ಹಾಳೆಯನ್ನು ಪಿಯಾನೋದ ಮೇಲಿಟ್ಟು ಮರೆತರು. ಆಗಾಗ ಮೊದಲ ಪುಟ ಬಾರಿಸುವರು; ಸೊಗಸಾಗಿ ಬರುತ್ತಿತ್ತು. ಮೊದಲ ಪುಟದ ಕೊನೆಗೆ ಬಂದಾಗ ಗ್ಯಾರೇಜಿನಿಂದ ಫೋನು ಬರುವುದು, ಇಲ್ಲವೇ ಹಸಿವಾಗುವುದು. ಪಾಠಕ್ಕೂ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡರು. ನಾದಿನಿ ಮನೆಗೆ ಬಂದಾಗ, "ನಿನ್ನ ಗಂಡನ ಇರುವೆಗಳು ಎಲ್ಲಿಗೆ ಬಂದವು?" ಎಂದು ವಿಚಾರಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಅವಳು, "ದಿನಾ ಒಂದೇ ಸಾಲು ಬಾರಿಸ್ತಾರೆ ಭಾವ, ಅದೂ ಕೊನೇದು. ನಮಗೆಲ್ಲ ತಲೆ ಚಿಟ್ಟು ಹಿಡಿದಿದೆ" ಎಂದರೆ ಇವರಿಗೆ ಊಟ ಹೆಚ್ಚು ಸೇರುತ್ತಿತ್ತು.

ಕೂಟ ಹತ್ತಿರಕ್ಕೆ ಬಂದಾಗ ಒಂದು ಬೆಳಗ್ಗೆ ಸಾಹೇಬರು ಕಾಫಿ ಮುಗಿಸಿ, ಕತ್ತು ಲಟಕ್ಕೆನಿಸಿ, ಎರಡನೆಯ ಪುಟಕ್ಕೆ ಕೈಯಿಟ್ಟರು.

ಪುಟದ ಆರಂಭದಲ್ಲೇ ಶ್ರುತಿ ಬದಲಾಗಿತ್ತು. ಇಲ್ಲಿಯವರೆಗೆ ಬಿಳಿ ಕೀಗಳ ಮೇಲೆ ಓಡಾಡುತ್ತಿದ್ದ ಕೈ ಈಗ ಕಪ್ಪು ಕೀಗಳ ಮೇಲೆ ಎಡವಬೇಕಿತ್ತು. ಎಡಗೈಗೆ ಎರಡು ಸ್ವರ ಒಟ್ಟಿಗೆ, ಒಂದು ಇಲ್ಲಿ, ಇನ್ನೊಂದು ಅಷ್ಟು ದೂರದಲ್ಲಿ. ಸಾಹೇಬರ ಕೈ ಎಷ್ಟು ಹಿಗ್ಗಿದರೂ ಕಿರುಬೆರಳು ತಲುಪುತ್ತಿರಲಿಲ್ಲ. ಬಲಗೈಯಲ್ಲಿ ಕಿರುಬೆರಳೊಂದೇ ರಾಗ ಹಾಡಬೇಕು, ಉಳಿದ ಬೆರಳುಗಳು ಅದೇ ಕೈಯಲ್ಲಿ ಪಿಸುಗುಟ್ಟುತ್ತಿರಬೇಕು. ಪಿಸುಗುಟ್ಟು ಎಂದರೆ ಅವರ ಹೆಬ್ಬೆರಳು ಬಾಗಿಲು ಬಡಿಯುತ್ತಿತ್ತು. ಇಷ್ಟೂ ಸಾಲದೆಂಬಂತೆ ಕೃತಿ ನಿಧಾನದ್ದು: ಓಡುವ ಸಂಗೀತದಲ್ಲಿ ತಪ್ಪು ಸ್ವರ ಗುಂಪಿನಲ್ಲಿ ನುಸುಳಿ ಹೋಗಬಹುದು, ಇಲ್ಲಿ ಒಂದೊಂದೂ ಅಂಗಳದ ನಡುವೆ ಬಿದ್ದ ಚಪ್ಪಲಿಯ ಹಾಗೆ ಎದ್ದು ಕಾಣುತ್ತಿತ್ತು. ಸ್ವರ ಹಿಡಿದಿಡುವ ಕಾಲಿನ ಪೆಡಲ್ ಒತ್ತಿದರೆ ಎಲ್ಲ ಕಲಸಿ ಗಂಜಿ; ಬಿಟ್ಟರೆ ಎಲ್ಲ ಒಣ.

ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಅಚ್ಚು ಹಾಕಿದವರನ್ನು ಬೈದಿದ್ದರು. ಸಂಜೆಯ ಹೊತ್ತಿಗೆ ಕೃತಿ ಬರೆದವನ ಅಪ್ಪನನ್ನೂ. ಮರುದಿನ ಪಿಯಾನೋದ ಮೇಲೆ ತಪ್ಪು ಹೊರಿಸಿದರು. ಆಮೇಲೆ ಕುರ್ಚಿಯ ಎತ್ತರದ ಮೇಲೆ.

ಹೆಂಡತಿ ಬಾಗಿಲಿಗೆ ಒರಗಿ ಕೇಳಿದಳು. "ಅಲ್ಲರೀ, ಗಾಡಿ ನೋಡುವಾಗ ಅಂಗಿ ಹಾಳಾದರೂ ಅಡಿಗೆ ತೂರಿ ನೋಡ್ತೀರಿ. ಇದಕ್ಕೇನಾಗಿತ್ತು? ಒಂದು ಹಾಳೆ ತಿರುಗಿಸಿ ನೋಡೋಕಾಗಲಿಲ್ವಾ?"

"ಅದು ಕೆಲಸ. ಇದು ಹವ್ಯಾಸ."

"ಹವ್ಯಾಸ ಅಂದ್ರೆ ಕುರುಡಾ?"

ಟೀಚರಿಗೆ ಫೋನು ಮಾಡಿ ಬೇರೆ ಕೃತಿ ಬಾರಿಸುವೆನೆಂದರು. "ಕಾರ್ಯಕ್ರಮದ ಹಾಳೆ ಅಚ್ಚಾಗಿದೆ" ಎಂದು ಆಕೆ ಇಟ್ಟುಬಿಟ್ಟರು. ಜ್ವರ ಬರಿಸಿಕೊಳ್ಳೋಣವೆಂದರೆ ಷಡ್ಡಕನೇ ಡಾಕ್ಟರು.

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಮೊದಲ ಪುಟದ ಎರಡು ಪ್ರತಿ ಮಾಡಿಸಿ ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿದರು. ಮೊದಲ ಪುಟವನ್ನೇ ಎರಡು ಸಲ ಬಾರಿಸುವುದು, ಎರಡನೆಯ ಸಲ ಕೊನೆಯಲ್ಲಿ ವೇಗ ತಗ್ಗಿಸಿ, ಒಂದು ದೊಡ್ಡ ಸ್ವರಗುಚ್ಛ ಒತ್ತಿ ಹಿಡಿದು, ತಲೆ ಬಗ್ಗಿಸುವುದು. ಯಾವ ಕತ್ತೆಗೆ ಗೊತ್ತಾಗುತ್ತೆ? ಕೇಳಲು ಬರುವವರು ಅತ್ತೆ, ಅಜ್ಜಿ, ಚಿಕ್ಕಪ್ಪಂದಿರು. ಟೀಚರಿಗೆ ಗೊತ್ತಾಗುತ್ತದೆ, ಆದರೆ ಎದ್ದು ನಿಂತು ಕೂಗುತ್ತಾರೆಯೇ? ಕೆನ್ನೆ ಹಿಡಿದುಕೊಳ್ಳುತ್ತಾರೆ, ಹಿಡಿದುಕೊಳ್ಳಲಿ. ಹೊಳೆದ ಖುಷಿಗೆ ಸಾಹೇಬರು ಇದನ್ನು ಹೆಂಡತಿಗೂ ಹೇಳಿಬಿಟ್ಟರು. ಗಂಡ ಹೊರಗೆ ಹೋದ ಮೇಲೆ ಆಕೆ ತಂಗಿಯ ಜೊತೆ ಫೋನಿನಲ್ಲಿ ತುಂಬ ಹೊತ್ತು ನಕ್ಕಳು.

ಕೂಟ ಒಂದು ಶಾಲೆಯ ಸಭಾಂಗಣದಲ್ಲಿ. ಮಡಚುವ ಕುರ್ಚಿಗಳು, ಕಿರುಗುಟ್ಟುವ ವೇದಿಕೆ, ಮೂಲೆಯಲ್ಲಿ ಟೀ ಡ್ರಮ್ಮು. ಅತ್ತೆಯವರು ಮುಂದಿನ ಸಾಲಿನ ನಟ್ಟನಡುವೆ, ಇಬ್ಬರು ಹೆಣ್ಣುಮಕ್ಕಳನ್ನು ಆಚೀಚೆ ಕೂರಿಸಿಕೊಂಡು, ಮದುವೆಗೆ ಬಂದವರಂತೆ ಕೂತಿದ್ದರು. ಅವರ ಕಿವಿ ಸ್ವಲ್ಪ ಮಂದ. ಹಾಗಾಗಿ ಪಿಸುಮಾತೂ ಇಡೀ ಸಭಾಂಗಣಕ್ಕೆ ಕೇಳುವಷ್ಟು ಜೋರು.

ದಿಂಬು ಮೊದಲು ಬಾರಿಸಿದ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆತ ವೇಗದ ಆಸೆಗೆ ಬೀಳಲಿಲ್ಲ. ತನ್ನ ದುಂಡನೆಯ ಕೈಗಳನ್ನು ಅತ್ತಿಂದಿತ್ತ ಸರಿಸುತ್ತ ಒಂದೇ ಸಮನೆ ಹೋದ. ಕೊನೆಯ ಸಾಲು ಬಂದಾಗಲಂತೂ ತನ್ನ ಮನೆಯ ಬೀಗ ತೆಗೆದು ಒಳಗೆ ಹೋದವನ ಹಾಗಿದ್ದ. ಚಪ್ಪಾಳೆ ಬಿತ್ತು. ಸಾಹೇಬರೂ ತಟ್ಟಿದರು, ಸೊಳ್ಳೆ ಹೊಡೆಯುವಷ್ಟು.

ಬಾರಿಸಿ ಮುಗಿಸಿದವರು ಮುಂದಿನವರ ಪಕ್ಕ ಕೂತು ಹಾಳೆ ನೋಡಿಕೊಳ್ಳಬೇಕೆಂಬುದು ಟೀಚರ ಕ್ರಮ. ಹಾಗಾಗಿ ದಿಂಬು ಅಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂತ. "ನಿನ್ನ ಅಗತ್ಯ ಇಲ್ಲ, ತಿರುವೋದೇನಿಲ್ಲ" ಎಂದು ಸಾಹೇಬರು ಹಲ್ಲು ಕಚ್ಚಿ ಹೇಳಿದರು. "ಇರಲಿ ಭಾವ, ಫ್ಯಾನ್ ಗಾಳಿಗೆ ಹಾರಿದ್ರೆ?" ಎಂದ ಆತ, ಮೆತ್ತಗೆ.

ಮೊದಲ ಪುಟ ನಿಜಕ್ಕೂ ಚೆನ್ನಾಗಿ ಬಂತು. ಸಭೆ ನಿಶ್ಶಬ್ದವಾಯಿತು. ಅಜ್ಜಿಯೊಬ್ಬರು ಕಣ್ಣು ಮುಚ್ಚಿದರು. ಸಾಹೇಬರು ಪುಟದ ಕೊನೆಯ ಸ್ವರವನ್ನು ಗಾಳಿಯಲ್ಲಿ ತೇಲಿಬಿಟ್ಟು, ಬಲಗಡೆಯ ಪ್ರತಿಯ ಕಡೆ ಕಣ್ಣು ಹೊರಳಿಸಿದರು. ಆ ಹೊತ್ತಿಗೆ ದುಂಡನೆಯ ಕೈಯೊಂದು ಸಾವಕಾಶವಾಗಿ ಬಂದು ಅದರ ಮೇಲೆ ಒಂದು ಹಾಳೆ ಇಟ್ಟಿತು. ಅದು ನಿಜವಾದ ಎರಡನೆಯ ಪುಟ. ಅಂಚಿನಲ್ಲಿ ಪೆನ್ಸಿಲಿನಿಂದ ಯಾವ ಸ್ವರಕ್ಕೆ ಯಾವ ಬೆರಳು ಎಂಬ ಗುರುತು ಬೇರೆ ಹಾಕಿತ್ತು.

ಸಾಹೇಬರಿಗೆ ಮೊದಲ ಪುಟ ಬಾಯಿಪಾಠ ಇರಲಿಲ್ಲ. ಎಡಗಡೆಯ ಪ್ರತಿಯ ಮೊದಲ ಸಾಲು ಹುಡುಕುವಷ್ಟರಲ್ಲಿ ಕೈ, ಕಣ್ಣೆದುರು ಇದ್ದದ್ದನ್ನು ಬಾರಿಸುವ ಅಭ್ಯಾಸಬಲದಿಂದ, ಮುಂದಿನ ಪುಟದ ಮೊದಲ ಸ್ವರ ಒತ್ತಿಬಿಟ್ಟಿತು. ಆಮೇಲೆ ನಡೆದದ್ದನ್ನು ಸಂಗೀತ ಎನ್ನಲಾಗದು. ಎಡಗೈ ದೂರದ ಸ್ವರಕ್ಕೆ ನೆಗೆದು ಪಕ್ಕದ ಮನೆಯಲ್ಲಿ ಬಿದ್ದಿತು. ಹೆಬ್ಬೆರಳು ಬಾಗಿಲು ಬಡಿಯಿತು. ಪೆಡಲಿನ ಮೇಲಿದ್ದ ಕಾಲು ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದರಿಂದ ತಪ್ಪುಗಳು ಕೂಡ ಹೋಗದೆ ಗುಂಪುಕಟ್ಟಿ ನಿಂತವು. ಯಾವುದೋ ಮಗು ಕಿಸಕ್ಕೆಂದಿತು.

ಸಾಹೇಬರು ನಿಲ್ಲಿಸಿದರು. ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು, ರಿಪೇರಿಗೆ ಮೀರಿದ ಗಾಡಿಗೆ ಟೋಟಲ್ ಲಾಸ್ ಎಂದು ಷರಾ ಬರೆಯುವಾಗಿನ ಮುಖ ಮಾಡಿ ಸಭೆಗೆ ಹೇಳಿದರು: "ಈ ಕೃತಿ ಇಲ್ಲಿಗೆ ಮುಗಿಯಬೇಕಿತ್ತು. ಇನ್ನು ಮುಂದಿರೋದು ಅನವಶ್ಯಕ. ಬರೆದವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಿಲ್ಲ."

ಅಲ್ಲೊಬ್ಬರು ಇಲ್ಲೊಬ್ಬರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಸಾಯುತ್ತಿದ್ದಂತೆ ಅತ್ತೆಯವರ ಪಿಸುಮಾತು ಸಭಾಂಗಣದ ಕೊನೆಯ ಗೋಡೆಗೆ ತಾಗಿತು: "ಮುಗೀತೇನೇ? ಪಾಪ, ಶುರು ಚೆನ್ನಾಗೇ ಮಾಡಿದ್ರು ಅಳಿಯಂದ್ರು!"

ಟೀ ಡ್ರಮ್ಮಿನ ಹತ್ತಿರ ಹೋಗಲು ಸಾಹೇಬರಿಗೆ ಮುಖವಿರಲಿಲ್ಲ. ಹಿಂಬಾಗಿಲಿನಿಂದ ಸೈಕಲ್ ನಿಲ್ಲಿಸುವ ಜಾಗಕ್ಕೆ ಹೋಗಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಷಡ್ಡಕ ಎರಡು ಲೋಟ ಟೀ ಹಿಡಿದುಕೊಂಡು ಬಂದ.

"ಆ ಹಾಳೆ ಯಾಕೆ ಇಟ್ಟೆ? ತಿಳೀದೆ ಇಟ್ಟೆಯಾ?" ಸಾಹೇಬರ ದನಿಯಲ್ಲಿ ಒಂದು ಆಸೆಯಿತ್ತು. ತಿಳಿಯದೆ ಇಟ್ಟೆ ಎಂದಿದ್ದರೆ ಬೈದು ಹಗುರಾಗಬಹುದಿತ್ತು.

"ತಿಳಿದೇ ಇಟ್ಟೆ ಭಾವ. ಅತ್ತಿಗೆ ಎಲ್ಲ ಹೇಳಿದ್ರು. ಬೆಳಗ್ಗೆಯೇ ಜೇಬಲ್ಲಿ ಇಟ್ಕೊಂಡು ಬಂದಿದ್ದೆ."

ಸಾಹೇಬರು ಅವನ ಮುಖ ನೋಡಿದರು. ಅದೇ ದುಂಡು ಮುಖ, ಅದೇ ನಯವಾದ ದನಿ. ಆದರೆ ಕಣ್ಣು ಮಾತ್ರ ಸ್ವಲ್ಪವೂ ಮೆತ್ತಗಿರಲಿಲ್ಲ.

"ನೀವು ನನ್ನನ್ನ ದಿಂಬು ಅನ್ನೋದು ನನಗೆ ಮದುವೆಯಾದ ವರ್ಷದಿಂದ ಗೊತ್ತು. ಇರಲಿ ಅಂತಿದ್ದೆ. ಆಪರೇಷನ್‌ಗೆ ಮುಂಚೆ ನಾನು ರೋಗಿ ಹತ್ರ ಕೂತು ಏನೆಲ್ಲ ಕೇಳ್ತೀನಿ ಗೊತ್ತಾ? ಕಟ್ಟಿಸಿದ ಹಲ್ಲು ಅಲುಗಾಡುತ್ತಾ ಅಂತಲೂ ಕೇಳ್ತೀನಿ. ನಿಮ್ಮ ಹಾಗೆ ಬಾಗಿಲಲ್ಲಿ ನಿಂತು ನೋಡಿ, ಇವನು ಗಟ್ಟಿಮುಟ್ಟಾಗಿದ್ದಾನೆ ಅಂತ ಮಂಪರು ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಜೈಲಲ್ಲಿ ಇರ್ತಿದ್ದೆ." ಟೀ ಗುಟುಕರಿಸಿದ. "ಅವತ್ತು ಎರಡನೇ ಪುಟದ ವಿಷಯ ಒಳ್ಳೆ ಮನಸ್ಸಿಂದಲೇ ಹೇಳೋಕೆ ಬಂದೆ. ನೀವು ಇರುವೆ ಎಣಿಸು ಅಂದ್ರಿ. ಆಯ್ತು, ಎಣಿಸ್ತಾ ಕೂತೆ."

"ಇಷ್ಟೆಲ್ಲ ವಿಷ ಇಟ್ಕೊಂಡಿದ್ದೆಯಾ ಒಳಗೆ?"

"ನಮ್ಮ ಕೆಲಸದಲ್ಲಿ ಎಲ್ಲ ವಿಷವೇ ಭಾವ. ಎಷ್ಟು ಕೊಡಬೇಕು ಅನ್ನೋದು ಗೊತ್ತಿದ್ರೆ ಸಾಕು."

ಸಾಹೇಬರಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ಕುಟುಕುತ್ತಿತ್ತು. ಇಷ್ಟು ವರ್ಷ ಹಬೆಯಾಡುವ ಅನ್ನದ ತಪ್ಪಲೆಯಾಚೆ ಎದುರಿಗೇ ಕೂತು ಉಂಡ ಮನುಷ್ಯನ ವಿಷಯದಲ್ಲಿ ತಮ್ಮ ಲೆಕ್ಕ ತಪ್ಪಿತ್ತು. ಸಭೆಯ ನಗುವಿಗಿಂತ ಅದು ಹೆಚ್ಚು ಉರಿಯಿತು. ಜೊತೆಗೆ, ಯಾರಿಗೂ ಹೇಳಲಾಗದ ಒಂದು ಸಣ್ಣ ಮೆಚ್ಚಿಗೆ. ಅಷ್ಟು ಜನರ ಮುಂದೆ ಅಷ್ಟು ನಿಧಾನವಾಗಿ ಆ ಹಾಳೆ ಇಡಲು ಎದೆ ಬೇಕು.

ಟೀ ಪೂರ್ತಿ ಕುಡಿದು ಲೋಟ ವಾಪಸು ಕೊಡುವಾಗ ಅವರು ಗೋಡೆಯ ಕಡೆ ನೋಡುತ್ತ ಕೇಳಿದರು. "ಆ ಎಡಗೈ... ಆ ದೂರದ ಸ್ವರ. ನಿನ್ನ ಗಿಡ್ಡ ಬೆರಳಿಗೆ ಎಟುಕುತ್ತಾ ಅದು?"

"ಎಟುಕಲ್ಲ. ಯಾರಿಗೂ ಸುಲಭಕ್ಕೆ ಎಟುಕಲ್ಲ. ಮೊದಲು ಕೆಳಗಿನದು ಒತ್ತಿ, ಪೆಡಲಲ್ಲಿ ಹಿಡಿದು, ಆಮೇಲೆ ಮೇಲಿನದಕ್ಕೆ ಹೋಗಬೇಕು. ಪೆನ್ಸಿಲಲ್ಲಿ ಬರೆದಿದ್ದೀನಿ. ನೀವು ಓದಲಿಲ್ಲ."

"ನಿನ್ನ ಅಕ್ಷರ ಯಾರಿಗೆ ಅರ್ಥ ಆಗುತ್ತೆ? ಡಾಕ್ಟರ ಅಕ್ಷರ!"

ಡಾಕ್ಟರು ಜೋರಾಗಿ ನಕ್ಕ. ಅವನು ಹಾಗೆ ನಗಬಲ್ಲ ಎಂಬುದೂ ಸಾಹೇಬರಿಗೆ ಹೊಸದು.

ಆ ಭಾನುವಾರ ಸಾಹೇಬರು ಅವನ ಮನೆಗೆ ಹೋದರು. ಪಿಯಾನೋದ ಮುಚ್ಚಳ ತೆಗೆಯಲು ಡಾಕ್ಟರು ಬಿಡಲಿಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿ, "ಎಲ್ಲಿ ಕೈ ಕೊಡುತ್ತೆ, ಅದನ್ನ ಮೊದಲು ಹೇಳಿ" ಎಂದು ಪೆನ್ಸಿಲು ಕೊಟ್ಟ. ಸಾಹೇಬರು ಗೊಣಗಿದರು. ಮೇಷ್ಟ್ರಂತೆ ಆಡುತ್ತಾನೆಂದರು, ಮೇಜು ಅಂಟಂಟಾಗಿದೆಯೆಂದರು, ನಾದಿನಿಯ ಟೀ ನೀರಾಗಿದೆಯೆಂದರು. ಆದರೆ ಕೊನೆಯ ಸಾಲಿನಿಂದ ಹಿಂದಕ್ಕೆ ಬರುತ್ತ ನಾಲ್ಕಾರು ಕಡೆ ಗೀಟು ಹಾಕಿದರು. ಒಂದು ಗೀಟಿನ ಹತ್ತಿರ ಡಾಕ್ಟರು ಬಗ್ಗಿ, "ಇದು ನನಗೂ ಕಂಡಿರಲಿಲ್ಲ" ಎಂದ. ಸಾಹೇಬರು ನೀರಿನಂಥ ಟೀಯನ್ನು ಇನ್ನೊಂದು ಲೋಟ ಕೇಳಿ ಕುಡಿದರು.

ಎರಡನೆಯ ಪುಟ ಕೈಗೆ ಹತ್ತಲು ಬಹಳ ಕಾಲ ಹಿಡಿಯಿತು. ಕೊನೆಗೂ ಪಾಠದಲ್ಲಿ ಪೂರ್ತಿ ಬಾರಿಸಿದಾಗ ಟೀಚರ್ ಕೆನ್ನೆಗೆ ಕೈ ಹಚ್ಚದೆ ಕೇಳಿ, "ಪೆಡಲ್ ಇನ್ನೂ ಕೊಳಕಾಗಿದೆ, ಸ್ವರ ಕಲಸಿಹೋಗ್ತಿವೆ" ಎಂದಷ್ಟೇ ಹೇಳಿದರು. ಮೆಟ್ಟಿಲಿಳಿಯುತ್ತ ಸಾಹೇಬರು ಷಡ್ಡಕನಿಗೆ, "ಆ ಯಮ್ಮನ ಕಿವಿಯಲ್ಲಿ ಹತ್ತಿ ಇದೆ ಕಣೋ" ಎಂದರು. ಡಾಕ್ಟರು ಸ್ವಲ್ಪ ಯೋಚಿಸಿ, "ಇಲ್ಲ ಭಾವ, ನಿಜವಾಗ್ಲೂ ಕೊಳಕಾಗಿತ್ತು" ಎಂದ. ಇಬ್ಬರೂ ಬೈದಾಡಿಕೊಳ್ಳುತ್ತಲೇ ಬಸ್ಸು ಹತ್ತಿದರು.